ಹಳೆಯ ದೂರವಾಣಿಗಳ ಸಂಗ್ರಹವೂ ವಿಕ್ರಯವೂ

ಬಳಕೆ ತಪ್ಪಿದ ಯಂತ್ರಗಳು ಮೊದಲು ಅಟ್ಟವನ್ನೇರುತ್ತವೆ. ಅಟ್ಟ ತುಂಬಿದ ಮೇಲೆ ಗುಜರಿಯವನ ತಕ್ಕಡಿಯನ್ನೇರುತ್ತವೆ. ತಕ್ಕಡಿಯಲ್ಲಿ ಅವುಗಳಿಗೆ ತೂಕದ ಬೆಲೆಯಲ್ಲದೆ ಬೇರೊಂದು ಬೆಲೆಯಿಲ್ಲ. ಡಯಲಿನ ದೂರವಾಣಿಯು ಇಂದು ಹೆಚ್ಚಾಗಿ ಕಾಣಸಿಗುವುದು ಈ ಎರಡು ಸ್ಥಳಗಳಲ್ಲಿಯೇ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಬೆರಳಿಟ್ಟು ತಿರುಗಿಸುವ ಡಯಲನ್ನು ಚಲಚ್ಚಿತ್ರಗಳಲ್ಲಿ ಮಾತ್ರ ಕಂಡಿರಬಹುದು. ಅವರ ತಂದೆತಾಯಿಗಳಿಗಾದರೋ ಅದರ ಕಿರಕಿರ ಸದ್ದು ಇನ್ನೂ ನೆನಪಿರುವುದು. ಹೀಗೆ ಮೂಲೆಗೆ ಬಿದ್ದ ದೂರವಾಣಿಗಳನ್ನು ಹುಡುಕಿ ತಂದು, ತೊಳೆದು, ಸರಿಪಡಿಸಿ, ಪುನಃ ಮಾರುವುದನ್ನು ಹವ್ಯಾಸವಾಗಿಯೂ ಚಿಕ್ಕ ವ್ಯಾಪಾರವಾಗಿಯೂ ನಡೆಸುವವರು ಅಮೇರಿಕದಲ್ಲಿ ಅನೇಕರಿದ್ದಾರೆ. 1971ರಲ್ಲಿಯೂ 1986ರಲ್ಲಿಯೂ ಅವರು ತಮ್ಮವೇ ಆದ ಎರಡು ಸಂಗ್ರಾಹಕರ ಸಂಘಗಳನ್ನು ಕಟ್ಟಿಕೊಂಡರು. ಈ ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವುದು, ಇದರಲ್ಲಿ ಮೋಸಕ್ಕೆ ಎಡೆಯೆಲ್ಲಿ, ಇದರಿಂದ ನಾವು ಕಲಿಯಬಹುದಾದ ವಿಜ್ಞಾನವೆಷ್ಟು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಅಮೇರಿಕದ ಉದಾಹರಣೆಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವುಂಟು. 1876ನೆಯ ಇಸವಿಯ ಮಾರ್ಚ್ 7ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ಲನಿಗೆ ದೂರವಾಣಿಯ ಪೇಟೆಂಟು ದೊರೆಯಿತು. ಆತನ ಹೆಸರಿನಲ್ಲಿ ಬೆಳೆದ ಬೆಲ್ ಕಂಪೆನಿಗಳ ಸಮೂಹವು ಮುಂದೆ ಬಹುಕಾಲ ಆ ದೇಶದ ದೂರವಾಣಿ ವ್ಯವಹಾರದ ಬಹುಪಾಲನ್ನು ತನ್ನ ಕೈಯಲ್ಲಿರಿಸಿಕೊಂಡಿತು. ಯಂತ್ರಗಳನ್ನು ತಯಾರಿಸುತ್ತಿದ್ದುದು ಅದೇ ಸಮೂಹದ ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ಕಾರ್ಖಾನೆ. ಈ ಯಂತ್ರಗಳನ್ನು ಗ್ರಾಹಕನು ಕೊಂಡುಕೊಳ್ಳುವಂತಿರಲಿಲ್ಲ. ತಿಂಗಳು ತಿಂಗಳೂ ಬಾಡಿಗೆ ತೆತ್ತು ಮನೆಯಲ್ಲಿರಿಸಿಕೊಳ್ಳಬೇಕಾಗಿತ್ತು. ಇದು ಬೆಲ್ ವ್ಯವಸ್ಥೆಯ ಸೊತ್ತು, ಮಾರಾಟಕ್ಕಲ್ಲ ಎಂಬ ಅರ್ಥದ ಅಕ್ಷರಗಳನ್ನು ಯಂತ್ರದ ಮೇಲೆಯೇ ಅಚ್ಚೊತ್ತುತ್ತಿದ್ದರು. ನಮ್ಮ ದೇಶದಲ್ಲಿಯೂ ಬಹಳ ಕಾಲ ದೂರವಾಣಿಯು ಸರಕಾರದ ಇಲಾಖೆಯ ಸೊತ್ತಾಗಿದ್ದಿತೇ ಹೊರತು ಮನೆಯವರದಾಗಿರಲಿಲ್ಲವೆಂಬುದು ಹಿರಿಯರಿಗೆ ತಿಳಿದ ವಿಷಯ.

ಈ ಬಾಡಿಗೆಯ ಪದ್ಧತಿಯಿಂದ ಒಂದು ವಿಶೇಷ ಪರಿಣಾಮವುಂಟಾಯಿತು. ಕೆಟ್ಟ ಯಂತ್ರವನ್ನು ಸರಿಪಡಿಸುವ ಖರ್ಚು ಕಂಪೆನಿಯದೇ ಆದುದರಿಂದ, ಕೆಡದಂತಹ ಯಂತ್ರವನ್ನು ಮಾಡುವುದೇ ಅದಕ್ಕೆ ಲಾಭದಾಯಕವಾಗಿದ್ದಿತು. ಒಮ್ಮೆ ಮಾರಿ ಕೈತೊಳೆದುಕೊಳ್ಳುವವನು ತೆಳುವಾದ ವಸ್ತುವನ್ನು ಮಾಡಿಯಾನು. ಮೂವತ್ತು ವರ್ಷ ಬಾಡಿಗೆ ಎಣಿಸಬೇಕಾದವನು ಹಾಗೆ ಮಾಡಲಾರ. ಒಬ್ಬರ ಮನೆಯಿಂದ ಹಿಂದಿರುಗಿದ ಯಂತ್ರವನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮೆರುಗು ಕೊಟ್ಟು ಮತ್ತೊಬ್ಬರ ಮನೆಗೆ ಕಳುಹಿಸುತ್ತಿದ್ದರು. ಇನ್ನು ಆಗದು ಎನ್ನುವಂತಹವು ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ಕಿನ ಅಂಗಸಂಸ್ಥೆಯಾಗಿದ್ದ ನಾಸೋ ಎಂಬ ಲೋಹ ಕರಗಿಸುವ ಕಾರ್ಖಾನೆಯನ್ನು ಸೇರಿ, ತಾಮ್ರವೂ ಸೀಸವೂ ಆಗಿ ಪುನರ್ಜನ್ಮ ಪಡೆಯುತ್ತಿದ್ದವು. ಆದುದರಿಂದ ಹೊರಗಿನವನ ಕೈಗೆ ಹಳೆಯ ಬೆಲ್ ಯಂತ್ರವು ನ್ಯಾಯವಾದ ದಾರಿಯಿಂದ ಸಿಕ್ಕುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ.

ಈ ಕಟ್ಟು ಒಮ್ಮೆಗೇ ಮುರಿಯಲಿಲ್ಲ. ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬವನು ರೇಡಿಯೋ ಯಂತ್ರವನ್ನು ದೂರವಾಣಿಯೊಡನೆ ಕೂಡಿಸುವ ಸಾಧನವೊಂದನ್ನು ಮಾಡಿದ್ದನು. ಅದನ್ನು ಕಂಪೆನಿಯು ನಿಷೇಧಿಸುವುದು ಸರಿಯಲ್ಲವೆಂದು 1968ರಲ್ಲಿ ಅಲ್ಲಿಯ ಸಂಪರ್ಕ ಆಯೋಗವು ತೀರ್ಪಿತ್ತಿತು. ಅನಂತರ 1970ರ ದಶಕದಲ್ಲಿ, ನಿಯಮಗಳಿಗೆ ಹೊಂದುವ ಯಾವ ಯಂತ್ರವನ್ನಾದರೂ ಗ್ರಾಹಕನು ತಾನೇ ಕೊಂಡು ಜೋಡಿಸಿಕೊಳ್ಳಬಹುದೆಂದಾಯಿತು. 1984ರ ಜನವರಿ 1ರಂದು ಬೆಲ್ ಸಮೂಹವೇ ನ್ಯಾಯಾಲಯದ ಒಪ್ಪಂದದಂತೆ ಹೋಳಾಯಿತು. ಮನೆ ಮನೆಗಳಲ್ಲಿದ್ದ ಯಂತ್ರಗಳನ್ನು ಬೇಕಾದವರು ಕೊಂಡುಕೊಂಡರು, ಕೆಲವರು ಹಿಂದಿರುಗಿಸಿದರು, ಇನ್ನು ಕೆಲವರು ಏನನ್ನೂ ಮಾಡದೆ ಬಾಡಿಗೆಯನ್ನೇ ಕೊಡುತ್ತ ಹೋದರು. ಇಪ್ಪತ್ತು ವರ್ಷ ಕಳೆದ ಮೇಲೂ ಲಕ್ಷಾಂತರ ಮನೆಗಳವರು, ಅವರಲ್ಲಿ ಬಹುಮಂದಿ ವೃದ್ಧರು, ಡಯಲಿನ ದೂರವಾಣಿಗೆ ಬಾಡಿಗೆ ತೆರುತ್ತಲೇ ಇದ್ದರೆಂಬುದು ಆಶ್ಚರ್ಯವಾದರೂ ನಿಜ. ಬಿಲ್ಲನ್ನು ಓದದೆ ಹಣ ಕಟ್ಟುವವರು ಎಲ್ಲ ದೇಶಗಳಲ್ಲಿಯೂ ಇರುತ್ತಾರೆ.

ಹೀಗೆ ಕಟ್ಟು ಮುರಿದ ಕಾಲದಲ್ಲಿಯೇ ಗುಂಡಿಯ ದೂರವಾಣಿಯು ಡಯಲನ್ನು ಹಿಂದೆ ಹಾಕುತ್ತಿದ್ದಿತು. ಪೆನ್ಸಿಲ್ವೇನಿಯದ ಎರಡು ಪಟ್ಟಣಗಳಲ್ಲಿ 1963ರ ನವೆಂಬರಿನಲ್ಲಿ ಅದು ಮೊದಲು ಸಾರ್ವಜನಿಕರಿಗೆ ದೊರೆತಿದ್ದಿತು. ಕಚೇರಿಗಳೂ ಹೋಟೆಲುಗಳೂ ತಮ್ಮೊಳಗಿನ ವಿನಿಮಯ ಕೇಂದ್ರವನ್ನು ಬದಲಿಸಿದಾಗಲೆಲ್ಲ ನೂರಾರು ಡಯಲಿನ ಯಂತ್ರಗಳು ಒಂದೇ ದಿನ ಹೊರಬೀಳುತ್ತಿದ್ದವು. ಇವುಗಳನ್ನು ರಾಶಿಯಾಗಿ ಹರಾಜಿನಲ್ಲಿ ಕೊಳ್ಳುವವನೇ ನಾವು ಹೇಳಹೊರಟ ಸಂಗ್ರಾಹಕ ವ್ಯಾಪಾರಿ. ರಾಶಿಯನ್ನು ಮನೆಗೆ ತಂದ ಮೇಲೆ ಅವನ ನಿಜವಾದ ಕೆಲಸ ಆರಂಭವಾಗುತ್ತದೆ.

ಮೊದಲನೆಯದು ಓದುವ ಕೆಲಸ. ವೆಸ್ಟರ್ನ್ ಎಲೆಕ್ಟ್ರಿಕ್ ಯಂತ್ರವು ತನ್ನ ಜಾತಕವನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ತಳದ ತಗಡಿನ ಮೇಲೆ ಮಾದರಿಯ ಸಂಖ್ಯೆಯೂ ತಯಾರಾದ ತಿಂಗಳು ಮತ್ತು ವರ್ಷವೂ ಇರುತ್ತವೆ. ಅಷ್ಟೇ ಅಲ್ಲ, ಡಯಲು, ಗಂಟೆ, ಹಿಡಿಕೆ, ಹೊರಗವಚದ ಒಳಮೈ, ಇವೆಲ್ಲದರ ಮೇಲೂ ಬೇರೆ ಬೇರೆಯಾಗಿ ತಿಂಗಳು ವರ್ಷಗಳ ಅಚ್ಚು ಇರುತ್ತದೆ. ಎಲ್ಲ ಭಾಗಗಳ ತಾರೀಖುಗಳೂ ಹತ್ತಿರ ಹತ್ತಿರವಾಗಿದ್ದರೆ ಆ ಯಂತ್ರವು ಕಾರ್ಖಾನೆಯಿಂದ ಹೊರಟಾಗ ಇದ್ದಂತೆಯೇ ಉಳಿದಿದೆಯೆಂದು ತಿಳಿಯಬೇಕು. ಅಂತಹುದಕ್ಕೆ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು. ತಾರೀಖುಗಳು ಹೊಂದದಿದ್ದ ಮಾತ್ರಕ್ಕೆ ಮೋಸವೆನ್ನಲಾಗದು. 1952ರ ಡಯಲು, 1961ರ ಗಂಟೆ, 1970ರ ಹೊರಗವಚ ಒಂದೇ ಯಂತ್ರದಲ್ಲಿದ್ದರೆ, ಕಂಪೆನಿಯ ದುರಸ್ತಿಯ ಮೇಜಿನ ಮೇಲೆ ಅವು ನ್ಯಾಯವಾಗಿಯೇ ಒಂದುಗೂಡಿರಬಹುದು. ನಮ್ಮ ಅಭಿಪ್ರಾಯದಲ್ಲಿ ಅಂತಹ ಯಂತ್ರವೂ ಕೀಳಲ್ಲ. ಮೂರು ಮನೆಗಳ ಮಾತನ್ನು ಹೊತ್ತ ಯಂತ್ರವದು.

ಮಾದರಿಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೆಸರಿಸುತ್ತೇವೆ. ಹೆನ್ರಿ ಡ್ರೈಫಸ್ ಎಂಬ ವಿನ್ಯಾಸಕಾರನ ಹೆಸರಿನೊಡನೆ ಸೇರಿಕೊಂಡಿರುವ 302 ಎಂಬುದು 1937ರಲ್ಲಿ ಹೊರಬಂದಿತು. ಗಂಟೆಯನ್ನು ಗೋಡೆಯ ಬೇರೆ ಪೆಟ್ಟಿಗೆಯಲ್ಲಿಡುವ ಪದ್ಧತಿ ಇದರಲ್ಲಿ ತಪ್ಪಿ, ಎಲ್ಲವೂ ಒಂದೇ ಮೈಯೊಳಗೆ ಬಂದವು. ಅದರ ತರುವಾಯದ 500 ಎಂಬ ಮಾದರಿಯು 1950ರ ಸುಮಾರಿಗೆ ಬಂದು, ಆ ದೇಶದ ಬಹುಪಾಲು ಮನೆಗಳಿಗೆ ಪರಿಚಿತವಾಯಿತು. ಇದರ ಅಂಕೆಗಳೂ ಅಕ್ಷರಗಳೂ ಬೆರಳ ರಂಧ್ರಗಳೊಳಗೆ ಇಲ್ಲದೆ ಚಕ್ರದ ಹೊರಗಿನ ಉಂಗುರದಲ್ಲಿವೆ. ಹಾಗೆ ಮಾಡಿದಾಗ ಜನರು ಡಯಲು ಮಾಡುವ ವೇಗವು ಕಡಿಮೆಯಾಯಿತಂತೆ. ಬೆಲ್ ಪ್ರಯೋಗಾಲಯದ ಮನಶ್ಶಾಸ್ತ್ರಜ್ಞನಾದ ಜಾನ್ ಕಾರ್ಲಿನನು ಪ್ರತಿಯೊಂದು ರಂಧ್ರದ ಕೆಳಗೂ ಒಂದು ಬಿಳಿಯ ಚುಕ್ಕೆಯನ್ನಿರಿಸಲು ಸೂಚಿಸಿದನು. ಬೆರಳಿಗೆ ಗುರಿ ದೊರೆತೊಡನೆ ವೇಗವು ಮರಳಿತು. ಅದೇ ಕಾರ್ಲಿನನು ತನ್ನ ಸಹೋದ್ಯೋಗಿಗಳ ದೂರವಾಣಿಗಳ ಹಿಡಿಕೆಯ ಹಗ್ಗವನ್ನು ಅವರಿಗೆ ತಿಳಿಯದಂತೆ ಕೆಲದಿನಗಳಿಗೊಮ್ಮೆ ಒಂದೊಂದು ಅಂಗುಲ ಮೊಟಕು ಮಾಡಿಸಿ, ಒಂದು ಅಡಿಯಷ್ಟು ಕಡಿಮೆಯಾಗುವವರೆಗೂ ಯಾರೂ ಗಮನಿಸಲಿಲ್ಲವೆಂಬುದನ್ನು ಕಂಡುಹಿಡಿದನು. ತಾಮ್ರದ ಉಳಿತಾಯಕ್ಕೆ ಇಂತಹ ಉಪಾಯಗಳೂ ಬೇಕಾಗಿದ್ದವು! ಹಳೆಯ ಯಂತ್ರದ ಹಗ್ಗದ ಉದ್ದವನ್ನು ನೋಡುವಾಗ ಇದು ನೆನಪಿಗೆ ಬಾರದೆ ಇರದು.

ಇನ್ನು ತೊಳೆಯುವ ಕೆಲಸ. ಹಿಂದಿನ ಕಪ್ಪು ಹಿಡಿಕೆಗಳು ಬೇಕಲೈಟಿನವು. ಅವುಗಳನ್ನು ನೀರಿನಲ್ಲಿ ನೆನೆಹಾಕದೆ, ಒದ್ದೆ ಬಟ್ಟೆಯಿಂದೊರಸಿ ಮೇಣದ ಮೆರುಗು ಕೊಟ್ಟರೆ ಸಾಕು. 1950ರ ದಶಕದ ಬಣ್ಣದ ಯಂತ್ರಗಳ ಮೈ ಮಾತ್ರ ಬೇರೆ ಬಗೆಯ ಮೆದು ಪ್ಲಾಸ್ಟಿಕ್ಕಿನದು. ಹತ್ತಿಯ ನಾರಿನ ಅಂಶಕ್ಕೆ ಆಮ್ಲಗಳನ್ನು ಕೂಡಿಸಿ ಮಾಡಿದ ಈ ವಸ್ತುವು ಹಳತಾದಂತೆ ಬ್ಯುಟಿರಿಕ್ ಆಮ್ಲವನ್ನು ಹೊರಬಿಡುತ್ತದೆ. ಹಳಸಿದ ಬೆಣ್ಣೆಯ ವಾಸನೆಗೆ ಕಾರಣವಾದುದೂ ಇದೇ ಆಮ್ಲವೇ! ಬಹುಕಾಲ ಮುಚ್ಚಿಟ್ಟ ಪೆಟ್ಟಿಗೆಯನ್ನು ತೆರೆದಾಗ ಈ ವಾಸನೆ ಬಂದರೆ ಒಳಗಿನ ಯಂತ್ರವು ಯಾವ ಕಾಲದ್ದೆಂದು ಅನುಭವಿಯು ಕಣ್ಣುಮುಚ್ಚಿ ಹೇಳಬಲ್ಲನು. ಬಿಸಿಲಿಗೆ ಬಣ್ಣಗೆಟ್ಟ ಮೇಲ್ಪದರವನ್ನು ಒದ್ದೆ ಮಾಡಿದ ಉಜ್ಜುಕಾಗದದಿಂದ, ಒರಟಿನಿಂದ ನಯಕ್ಕೆ ಕ್ರಮವಾಗಿ ತಿಕ್ಕಿ ತೆಗೆದರೆ ಒಳಗಿನ ಮೂಲವರ್ಣವು ಹೊರಬರುತ್ತದೆ. ಅಂಚುಗಳು ಸವೆಯದಂತೆ ತಿಕ್ಕುವುದಕ್ಕೆ ತಾಳ್ಮೆ ಬೇಕು. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಬಿಸಿಲಿಗಿಟ್ಟು ಬಿಳುಪೇರಿಸುವವರೂ ಇದ್ದಾರೆ. ಅದು ಬೇಗನೆ ಆಗುತ್ತದೆ, ಆದರೆ ಅಲ್ಲಲ್ಲಿ ಮಚ್ಚೆಯಾಗುವ ಭಯವುಂಟು. ನಾವಾದರೆ ತಾಳ್ಮೆಯ ದಾರಿಯನ್ನೇ ಮೆಚ್ಚುತ್ತೇವೆ.

ಯಂತ್ರದ ಒಳಭಾಗವು ವಿದ್ಯಾರ್ಥಿಗಳಿಗೆ ಹೆಚ್ಚು ರುಚಿಸತಕ್ಕುದು. ಹಿಡಿಕೆಯ ಕೆಳಗಿನ ಮುಚ್ಚಳವನ್ನು ತಿರುಗಿಸಿ ತೆಗೆದರೆ ನಾಣ್ಯದಂತಹ ದುಂಡನೆಯ ಡಬ್ಬಿಯೊಂದು ಕೈಗೆ ಬೀಳುತ್ತದೆ. ಇದೇ ಮಾತನಾಡುವ ಭಾಗ. ಇದರೊಳಗೆ ಇಂಗಾಲದ ಸಣ್ಣ ಹರಳುಗಳು ತುಂಬಿವೆ, ಮುಂದೆ ಒಂದು ತೆಳು ತಗಡು ಇದೆ. ನಮ್ಮ ಧ್ವನಿಯು ತಗಡನ್ನು ಒತ್ತಿದಾಗ ಹರಳುಗಳು ಒಂದಕ್ಕೊಂದು ಒತ್ತಿಕೊಂಡು ವಿದ್ಯುತ್ತಿಗೆ ಎದುರಾಗುವ ರೋಧವು ಕಡಿಮೆಯಾಗುತ್ತದೆ, ಪ್ರವಾಹವು ಹೆಚ್ಚುತ್ತದೆ. ತಗಡು ಹಿಂದೆ ಸರಿದಾಗ ಇದಕ್ಕೆ ವಿರುದ್ಧವಾಗುತ್ತದೆ. ಹೀಗೆ ಮಾತಿನ ಏರಿಳಿತವೇ ಪ್ರವಾಹದ ಏರಿಳಿತವಾಗಿ ತಂತಿಯಲ್ಲಿ ಸಾಗುತ್ತದೆ. ಬಹುವರ್ಷ ಅಲುಗಾಡದೆ ಇದ್ದ ಯಂತ್ರದಲ್ಲಿ ಈ ಹರಳುಗಳು ಗಟ್ಟಿಕಟ್ಟಿಕೊಳ್ಳುತ್ತವೆ. ಆಗ ಧ್ವನಿಯು ಕ್ಷೀಣವಾಗಿಯೂ ಚರಚರ ಸದ್ದಿನಿಂದ ಕೂಡಿಯೂ ಕೇಳಿಸುವುದು. ಕೆಟ್ಟಿತೆಂದು ಅದನ್ನು ಎಸೆಯುವವನಿಗೆ ಈ ವಿಷಯ ತಿಳಿಯದು. ಡಬ್ಬಿಯನ್ನು ಅಂಗೈ ಮೇಲೆ ಮೆಲ್ಲನೆ ನಾಲ್ಕಾರು ಬಾರಿ ತಟ್ಟಿದರೆ ಹರಳುಗಳು ಬಿಡಿಬಿಡಿಯಾಗಿ, ಅನೇಕ ವೇಳೆ ಧ್ವನಿಯು ಮರಳುತ್ತದೆ. ಹಣ ಬೇಡದ, ಸಾಮಾನು ಬೇಡದ ರಿಪೇರಿಯಿದು!

ಗಂಟೆಯ ವಿಚಾರವು ಇನ್ನೂ ಸೂಕ್ಷ್ಮವಾದುದು. ಕೇಂದ್ರದಿಂದ ತಂತಿಯಲ್ಲಿ ಬರುವ ಸುಮಾರು 48 ವೋಲ್ಟುಗಳ ನೇರ ಪ್ರವಾಹವು ಮಾತಿಗಾಗಿ. ಗಂಟೆ ಬಾರಿಸಲು ಸುಮಾರು 90 ವೋಲ್ಟುಗಳ, ಸೆಕೆಂಡಿಗೆ 20 ಆವರ್ತಗಳ ಪರ್ಯಾಯ ಪ್ರವಾಹವನ್ನು ಕಳುಹಿಸುತ್ತಾರೆ. ಗಂಟೆಯ ಜೊತೆಯಲ್ಲಿರುವ ಕಂಡೆನ್ಸರು ಮೊದಲನೆಯದನ್ನು ತಡೆದು ಎರಡನೆಯದನ್ನು ಬಿಡುತ್ತದೆ. ಅಮೇರಿಕದ ಹಳ್ಳಿಗಳಲ್ಲಿ ಒಂದೇ ತಂತಿಯನ್ನು ಹಲವು ಮನೆಗಳು ಹಂಚಿಕೊಳ್ಳುತ್ತಿದ್ದ ಕಾಲವೊಂದಿದ್ದಿತು. ಬೇಕಾದ ಮನೆಯ ಗಂಟೆ ಮಾತ್ರ ಬಾರಿಸಬೇಕಲ್ಲವೆ? ಅದಕ್ಕಾಗಿ ಬೆಲ್ ಅಲ್ಲದ ಸ್ವತಂತ್ರ ಕಂಪೆನಿಗಳು, ಆಟೊಮ್ಯಾಟಿಕ್ ಎಲೆಕ್ಟ್ರಿಕ್, ಸ್ಟ್ರಾಂಬರ್ಗ್ ಕಾರ್ಲ್‌ಸನ್, ಕೆಲಾಗ್ ಮುಂತಾದವರಿಂದ ಯಂತ್ರಗಳನ್ನು ಕೊಂಡು, ಶ್ರುತಿಗೂಡಿಸಿದ ಗಂಟೆಗಳನ್ನು ಬಳಸುತ್ತಿದ್ದವು. ಒಂದು ಗಂಟೆ 33⅓ ಆವರ್ತಕ್ಕೆ ಮಾತ್ರ ಎಚ್ಚರಗೊಂಡರೆ ಇನ್ನೊಂದು 50ಕ್ಕೆ, ಮತ್ತೊಂದು 66⅔ಕ್ಕೆ. ಸಿತಾರಿನ ಒಂದು ತಂತಿ ಮೀಟಿದರೆ ಅದೇ ಶ್ರುತಿಯ ಅಡಿತಂತಿ ತಾನಾಗಿ ಮಿಡಿಯುವಂತೆ ಇದು. ಇಂತಹ ಯಂತ್ರವನ್ನು ಇಂದಿನ 20 ಆವರ್ತದ ತಂತಿಗೆ ಸೇರಿಸಿದರೆ ಗಂಟೆಯು ಮೌನವಾಗಿರುತ್ತದೆ. ಬೆಲ್ ಯಂತ್ರಗಳಲ್ಲಿಯಾದರೋ ಹಳದಿ ಬಣ್ಣದ ತಂತಿಯನ್ನು ಭೂಮಿಗೆ ಜೋಡಿಸಿ ಗಂಟೆಗಳನ್ನು ಬೇರ್ಪಡಿಸುತ್ತಿದ್ದರು. ಈಗ ಅದನ್ನು ಹಸಿರು ತಂತಿಯೊಡನೆ ಸೇರಿಸಿದ ಹೊರತು ಗಂಟೆ ಬಾರಿಸದು. ಈ ಎರಡು ಸಂಗತಿಗಳನ್ನು ತಿಳಿಯದವರು ಒಳ್ಳೆಯ ಯಂತ್ರವನ್ನು ಹಾಳೆಂದು ಕೊಟ್ಟುಬಿಡುತ್ತಾರೆ. ತಿಳಿದವನು ಅಗ್ಗಕ್ಕೆ ಕೊಂಡು ಲಾಭಗಳಿಸುತ್ತಾನೆ.

ಇಲ್ಲಿಯೇ ವ್ಯಾಪಾರದ ಧರ್ಮವೂ ಪ್ರವೇಶಿಸುತ್ತದೆ. ವಿದ್ಯೆಯಿಂದ ಬಂದ ಲಾಭವನ್ನು ಯಾರೂ ಆಕ್ಷೇಪಿಸಲಾರರು. ಆದರೆ ಅದೇ ಯಂತ್ರವನ್ನು ಮಾರುವಾಗ, ಇದರ ಗಂಟೆಯು ಶ್ರುತಿಗಂಟೆ, ನಿಮ್ಮ ಮನೆಯಲ್ಲಿ ಬಾರಿಸದು ಎಂದು ಹೇಳದೆ ಬಿಟ್ಟರೆ ಹೇಗೆ? ಕೊಳ್ಳುವವನಿಗೆ ಒಳಗಿನದು ಕಾಣದು. ಕಪ್ಪು ಯಂತ್ರಗಳು ಹೇರಳವಾಗಿ ಸಿಕ್ಕುವುದರಿಂದ ಅವುಗಳ ಬೆಲೆ ಕಡಿಮೆ; ಕೆಲವು ಬಣ್ಣಗಳು ಅಪರೂಪವಾದುದರಿಂದ ಅವಕ್ಕೆ ಬೆಲೆ ಹೆಚ್ಚು. ಈ ಅಂತರವನ್ನು ಕಂಡು, ಕಪ್ಪು ಕವಚಕ್ಕೆ ಬಣ್ಣ ಬಳಿದು ಅಪರೂಪದ್ದೆಂದು ಮಾರುವವರು ಉಂಟು. ಕವಚವನ್ನು ತೆಗೆದು ಒಳಮೈಯನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ: ನಿಜವಾದ ಬಣ್ಣವು ಪ್ಲಾಸ್ಟಿಕ್ಕಿನ ಒಳಗೂ ಹೊರಗೂ ಒಂದೇ ಆಗಿರುತ್ತದೆ. ಹಿತ್ತಾಳೆಯ ಕಂಬದಂತಹ ಹಳೆಯ ಮಾದರಿಗಳನ್ನು ಅನುಕರಿಸಿ ಅಲಂಕಾರಕ್ಕಾಗಿ ಹೊಸದಾಗಿ ಮಾಡಿದ ದೂರವಾಣಿಗಳು ನಮ್ಮ ದೇಶದಿಂದಲೂ ಹೋಗುತ್ತವೆ. ಅಲಂಕಾರದ ವಸ್ತುವೆಂದು ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಕುಶಲಕರ್ಮಿಗೆ ಕೂಲಿ ದೊರೆಯುತ್ತದೆ. ನೂರು ವರ್ಷದ್ದೆಂದು ಮಾರುವ ನಡುವಿನವನೇ ದೋಷಿ.

ಸಂಗ್ರಾಹಕರಲ್ಲಿ ಇಂದಿಗೂ ತೀರದ ಇನ್ನೊಂದು ವಿವಾದವಿದೆ. ಎರಡು ಕೆಟ್ಟ ಯಂತ್ರಗಳನ್ನು ಬಿಚ್ಚಿ ಒಂದು ಒಳ್ಳೆಯ ಯಂತ್ರವನ್ನು ಮಾಡಬಹುದೆ? ಬಿಡಿಭಾಗಗಳನ್ನು ಮಾರಿದರೆ ಇಡೀ ಯಂತ್ರಕ್ಕಿಂತ ಹೆಚ್ಚು ಹಣ ಬರುವುದೂ ಉಂಟು. ಹಿಂದೊಮ್ಮೆ ಮರದ ಗೋಡೆ ದೂರವಾಣಿಗಳ ಗತಿಯು ಹೀಗೆಯೇ ಆಯಿತು. ಒಳಗಿನದನ್ನೆಲ್ಲ ಕಿತ್ತು, ಪೆಟ್ಟಿಗೆಯಲ್ಲಿ ರೇಡಿಯೋವನ್ನಿರಿಸಿದರು. ಅದರ ಕೈಯಿಂದ ತಿರುಗಿಸುವ ವಿದ್ಯುಜ್ಜನಕವನ್ನು ಹೊಳೆಗೆ ಒಯ್ದು, ತಂತಿಗಳನ್ನು ನೀರಿಗಿಳಿಸಿ ಮೀನುಗಳನ್ನು ಮೂರ್ಛೆಗೊಳಿಸಿದ ಪುಂಡರೂ ಇದ್ದರು. ಅದನ್ನು ಅಲ್ಲಿಯ ಸರಕಾರಗಳು ಕಾನೂನಿನಿಂದ ನಿಷೇಧಿಸಬೇಕಾಯಿತು. ಇಂದು ಒಳಗಿನ ಅಂಗಗಳೆಲ್ಲ ಇರುವ ಮರದ ಯಂತ್ರವನ್ನು ಹುಡುಕಬೇಕಾಗಿದೆ. ಬಹಳವಾಗಿ ಒಡೆದುದನ್ನು ಮಾತ್ರ ಬಿಡಿಭಾಗಗಳಿಗಾಗಿ ಬಿಚ್ಚುವುದು, ಉಳಿದುದನ್ನು ಇಡಿಯಾಗಿ ಕಾಯುವುದು, ಇದು ನಮಗೆ ಒಪ್ಪುವ ಮಾರ್ಗ. ಡಯಲಿನ ನಡುವೆ ಹಿಂದಿನ ಮನೆಯ ನಂಬರನ್ನು ಬರೆದ ಕಾಗದದ ಬಿಲ್ಲೆಯಿದ್ದರೆ ಅದನ್ನು ಕಸವೆಂದು ತೆಗೆಯಬಾರದು. ಆ ಯಂತ್ರವು ಯಾವ ಊರಿನಲ್ಲಿದ್ದಿತೆಂಬುದಕ್ಕೆ ಅನೇಕ ವೇಳೆ ಅದೊಂದೇ ಸಾಕ್ಷಿ.

ನಮ್ಮ ದೇಶದ ಮಾತನ್ನೂ ಸ್ವಲ್ಪ ಹೇಳಬೇಕು. ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ 1882ರಲ್ಲಿಯೇ ವಿನಿಮಯ ಕೇಂದ್ರಗಳು ತೆರೆದಿದ್ದರೂ ಯಂತ್ರಗಳು ಹೊರನಾಡಿನವು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಸರಕಾರಿ ಕಾರ್ಖಾನೆಯು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅದರ ಸುತ್ತಣ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ಗಡಿಯಾಚೆ ಈಚೆಯೆನ್ನದೆ ದೇಶದ ಬಹುಕಡೆಯ ಮನೆ ಕಚೇರಿಗಳಲ್ಲಿ ಬಾರಿಸಿದ ಕಪ್ಪು ಯಂತ್ರಗಳು ಕನ್ನಡ ನಾಡಿನಲ್ಲಿ ಹುಟ್ಟಿದವು ಎಂಬುದು ನಮಗೆ ಸಂತೋಷದ ವಿಷಯ. ಬೆಂಗಳೂರಿನ ಭಾನುವಾರದ ಸಂತೆಯಲ್ಲಾಗಲಿ ಮುಂಬಯಿಯ ಚೋರ್ ಬಜಾರಿನಲ್ಲಾಗಲಿ ಅಂತಹ ಯಂತ್ರವು ಕಣ್ಣಿಗೆ ಬಿದ್ದರೆ ತಿರುವಿ ಹಾಕಿ, ತಳದಲ್ಲಿ ಆ ಕಾರ್ಖಾನೆಯ ಮೂರು ಅಕ್ಷರಗಳಿವೆಯೇ ಎಂದು ನೋಡಿರಿ.

ಮನೆಯ ಅಟ್ಟದಲ್ಲಿ ಹಳೆಯ ಯಂತ್ರವಿದ್ದು ಮಕ್ಕಳು ಅದನ್ನು ಬಿಚ್ಚಬಯಸಿದರೆ ಪಾಲಕರು ತಡೆಯಬೇಕಾದುದಿಲ್ಲ. ತಂತಿಯ ಸಂಪರ್ಕವಿಲ್ಲವೆಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಬೇಕು. ಗಂಟೆಯ 90 ವೋಲ್ಟು ಕೈಗೆ ತಗಲಿದರೆ ಆಟವಾಗಿರದು. ಹಳೆಯ ತಂತಿಗಳನ್ನು ಬೆಂಕಿಗೆ ಹಾಕಿ ತಾಮ್ರ ತೆಗೆಯುವುದನ್ನು ಗುಜರಿಯ ಹುಡುಗರು ಮಾಡುವುದುಂಟು. ಪ್ಲಾಸ್ಟಿಕ್ಕಿನ ಹೊದಿಕೆಯು ಉರಿಯುವಾಗ ಹೊರಡುವ ಹೊಗೆಯು ಶ್ವಾಸಕೋಶಕ್ಕೆ ವಿಷ. ನಾಲ್ಕು ಕಾಸಿನ ತಾಮ್ರಕ್ಕಾಗಿ ಹಾಗೆ ಮಾಡುವುದನ್ನು ಕಂಡರೆ ಹಿರಿಯರು ತಡೆಯಲೇಬೇಕು.

ಎರಡು ಯಂತ್ರಗಳು ದೊರೆತರೆ ಅವುಗಳನ್ನೂ 9 ವೋಲ್ಟಿನ ಒಂದು ಬ್ಯಾಟರಿಯನ್ನೂ ಒಂದೇ ಮಂಡಲದಲ್ಲಿ ಸರಣಿಯಾಗಿ ಜೋಡಿಸಿ ಎರಡು ಕೊಠಡಿಗಳ ನಡುವೆ ಮಾತನಾಡಬಹುದು. ಒಂದೇ ಇದ್ದರೂ ಚಿಂತೆಯಿಲ್ಲ. ಡಯಲಿನ ಹಿಂದೆ, ಚಕ್ರವು ಹಿಂದಿರುಗುವಾಗ ತೆರೆದು ಮುಚ್ಚುವ ಎರಡು ಲೋಹದ ಪಟ್ಟಿಗಳಿವೆ. ಅವುಗಳಿಗೆ ಟಾರ್ಚಿನ ಸೆಲ್ಲನ್ನೂ ಚಿಕ್ಕ ಬಲ್ಬನ್ನೂ ಸೇರಿಸಿರಿ, ಬಲ್ಬು ಉರಿಯುವುದು. ಈಗ 3ಕ್ಕೆ ಬೆರಳಿಟ್ಟು ತಿರುಗಿಸಿ ಬಿಡಿರಿ. ಬಲ್ಬು ಮೂರು ಸಲ ಆರಿ ಹೊತ್ತುವುದು. ಸೊನ್ನೆಯನ್ನು ತಿರುಗಿಸಿದರೆ ಹತ್ತು ಸಲ, ಅದೂ ಸುಮಾರು ಒಂದು ಸೆಕೆಂಡಿನಲ್ಲಿ. ವೇಗವು ಕುಂದಿದ್ದರೆ ಹಲ್ಲುಚಕ್ರಗಳ ಅಚ್ಚಿಗೆ ತೆಳು ಎಣ್ಣೆಯ ಒಂದೇ ಒಂದು ತೊಟ್ಟು ಹಾಕಿ ಪುನಃ ಎಣಿಸಿ ನೋಡಿರಿ; ವೇಗವನ್ನು ತಡೆಯುವ ಚಿಕ್ಕ ಬಟ್ಟಲಿನೊಳಕ್ಕೆ ಮಾತ್ರ ಎಣ್ಣೆಯು ಇಳಿಯಬಾರದು, ಇಳಿದರೆ ಡಯಲು ಓಡತೊಡಗುತ್ತದೆ.